ಕೈ ಬದಲಾಗುವ ಹೊತ್ತು: ಬಂದಿಗಳನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗಿನ ಭದ್ರತೆ ಮತ್ತು ಸುರಕ್ಷತೆ

ಎಲ್ಲರಿಗೂ ನಮಸ್ಕಾರ. ಒಂದು ಸಣ್ಣ ಲೆಕ್ಕದಿಂದ ಮಾತು ಆರಂಭಿಸುತ್ತೇನೆ. ವಿಚಾರಣೆಯ ದಿನ ಬೆಳಿಗ್ಗೆ ಬ್ಯಾರಕ್ಕಿನ ಸಿಬ್ಬಂದಿ ಬಂದಿಯೊಬ್ಬನನ್ನು ಗೇಟಿನ ಕಚೇರಿಗೆ ಒಪ್ಪಿಸುತ್ತಾರೆ. ಗೇಟಿನವರು ವಾರಂಟ್ ನೋಡಿ, ರಿಜಿಸ್ಟರಿನಲ್ಲಿ ಬರೆದುಕೊಂಡು, ಬೆಂಗಾವಲು ಪಡೆಗೆ ಒಪ್ಪಿಸುತ್ತಾರೆ. ಪಡೆಯವರು ನ್ಯಾಯಾಲಯದ ಲಾಕಪ್ಪಿಗೆ, ಲಾಕಪ್ಪಿನವರು ವಿಚಾರಣೆಯ ಕೋಣೆಯಲ್ಲಿರುವವರಿಗೆ, ಅವರು ಮತ್ತೆ ಲಾಕಪ್ಪಿಗೆ, ಲಾಕಪ್ಪಿನವರು ವಾಹನಕ್ಕೆ, ವಾಹನದವರು ಸಂಜೆ ಗೇಟಿಗೆ, ಗೇಟಿನವರು ಬ್ಯಾರಕ್ಕಿಗೆ ಒಪ್ಪಿಸುತ್ತಾರೆ. ಏನೂ ಎಡವಟ್ಟಾಗದ, ಒಂದೇ ಪ್ರಕರಣದ, ಅತ್ಯಂತ ಸರಳವಾದ ದಿನದಲ್ಲಿಯೂ ಒಬ್ಬ ಮನುಷ್ಯ ಎಂಟು ಸಲ ಕೈ ಬದಲಾಗುತ್ತಾನೆ. ಈ ಕೆಲಸದಲ್ಲಿ ನಡೆದ ದೊಡ್ಡ ಅನಾಹುತಗಳನ್ನು ಓದುತ್ತ ಹೋದರೆ, ಅವುಗಳಲ್ಲಿ ಹೆಚ್ಚಿನವು ಗೋಡೆಯ ಎತ್ತರದಿಂದಾಗಲಿ ಬೀಗದ ಗಟ್ಟಿತನದಿಂದಾಗಲಿ ನಿರ್ಧಾರವಾದದ್ದಲ್ಲ, ಇಂಥದೊಂದು ಒಪ್ಪಿಸುವಿಕೆಯ ಆಸುಪಾಸಿನಲ್ಲಿ ನಿರ್ಧಾರವಾದದ್ದು ಎಂಬುದು ಕಾಣುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇದನ್ನೇ: ಬಂದಿ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಅವನ ಬಗ್ಗೆ ಮೊದಲಿನವರಿಗೆ ಗೊತ್ತಿದ್ದದ್ದೆಲ್ಲ ಅವನೊಂದಿಗೇ ಹೋಗಬೇಕು.

ಭದ್ರತೆ ಮತ್ತು ಸುರಕ್ಷತೆ ಎಂಬ ಎರಡು ಪದಗಳನ್ನು ನಾವು ಒಂದರ ಬದಲಿಗೆ ಇನ್ನೊಂದನ್ನು ಬಳಸಿಬಿಡುತ್ತೇವೆ. ಬಂದಿ ತಪ್ಪಿಸಿಕೊಳ್ಳದಂತೆ, ಅವನ ಕೈಗೆ ಆಯುಧ ಸಿಗದಂತೆ, ಹೊರಗಿನವರು ಅವನ ಮೇಲೆ ಬೀಳದಂತೆ ನೋಡಿಕೊಳ್ಳುವುದು ಭದ್ರತೆ. ಅವನು ಬಿಸಿಲಿಗೆ ಬಳಲಿ ಬೀಳದಂತೆ, ಹೊತ್ತಿಗೆ ಸರಿಯಾಗಿ ಔಷಧ ತೆಗೆದುಕೊಳ್ಳುವಂತೆ, ತನ್ನನ್ನು ತಾನೇ ಘಾಸಿ ಮಾಡಿಕೊಳ್ಳದಂತೆ, ಜೊತೆಗೆ ಹೋದ ಸಿಬ್ಬಂದಿಯೂ ಸಂಜೆ ಮನೆಗೆ ಮರಳುವಂತೆ ನೋಡಿಕೊಳ್ಳುವುದು ಸುರಕ್ಷತೆ. ಇವೆರಡನ್ನೂ ಒಂದೇ ತಂಡ, ಒಂದೇ ದಿನ, ಒಂದೇ ವಾಹನದಲ್ಲಿ ನಿಭಾಯಿಸಬೇಕಾಗಿರುವುದೇ ಈ ಕೆಲಸದ ಕಷ್ಟ.

ಇವೆರಡಕ್ಕೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಅವನನ್ನು ನಾವು ಅಲ್ಲಿಗೆ ಏಕೆ ಕರೆದೊಯ್ಯುತ್ತಿದ್ದೇವೆ? 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 9ನೆಯ ವಿಧಿ, ಬಂಧಿತನನ್ನು ತಡಮಾಡದೆ ನ್ಯಾಯಾಧೀಶರ ಮುಂದೆ ತರಬೇಕೆನ್ನುತ್ತದೆ; 14ನೆಯ ವಿಧಿ, ಅವನ ವಿಚಾರಣೆ ಅವನ ಸಮ್ಮುಖದಲ್ಲಿಯೇ ನಡೆಯಬೇಕೆನ್ನುತ್ತದೆ. ಭಾರತದ ಸಂವಿಧಾನದ 22ನೆಯ ಅನುಚ್ಛೇದವು ಪ್ರಯಾಣದ ಸಮಯವನ್ನು ಬಿಟ್ಟು 24 ಗಂಟೆಗಳ ಗಡುವನ್ನೇ ಹಾಕಿದೆ. ಹಾಗಾಗಿ ಬೆಂಗಾವಲಿಗೆ ಸಿಬ್ಬಂದಿ ಸಿಗಲಿಲ್ಲವೆಂದು ಬಂದಿಯನ್ನು ಹಾಜರುಪಡಿಸದೆ, ವಾರಂಟಿನ ಮೇಲೆ ಮುಂದಿನ ವಾಯಿದೆ ಬರೆಸಿಕೊಂಡು ಬಂದರೆ, ಆ ದಿನ ಯಾರೂ ತಪ್ಪಿಸಿಕೊಂಡಿಲ್ಲ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಆ ದಿನ ಕೆಲಸವೇ ನಡೆದಿಲ್ಲ. ಗಾಯ ಕಣ್ಣಿಗೆ ಕಾಣದಿದ್ದರೂ ಇದೂ ಒಂದು ಭದ್ರತಾ ವೈಫಲ್ಯವೆಂದೇ ನನ್ನ ಭಾವನೆ.

ಕೆಲಸ ಆರಂಭವಾಗುವುದು ಹಿಂದಿನ ದಿನ. ನಾಳೆ ಯಾರು ಯಾರು ಹೋಗಬೇಕು, ಯಾವ ನ್ಯಾಯಾಲಯಕ್ಕೆ, ಸಾಕ್ಷ್ಯಕ್ಕೋ ತೀರ್ಪಿಗೋ, ಒಂದೇ ವಾಹನದಲ್ಲಿ ಯಾರನ್ನು ಯಾರೊಂದಿಗೆ ಕೂರಿಸಬಾರದು ಎಂಬುದೆಲ್ಲ ಅಂದೇ ತೀರ್ಮಾನವಾಗಿರಬೇಕು. ಮಾಫಿ ಸಾಕ್ಷಿಯಾಗಿ, ಅಂದರೆ ಕ್ಷಮೆಗೆ ಬದಲಾಗಿ ಸಹ ಆರೋಪಿಗಳ ವಿರುದ್ಧ ಸಾಕ್ಷಿ ಹೇಳಲು ಒಪ್ಪಿ, ಬದಲಾದವನನ್ನು ಅವನ ಹಳೆಯ ಸಂಗಾತಿಗಳ ಪಕ್ಕದಲ್ಲಿ ಒಂದು ಗಂಟೆ ಕೂರಿಸಿ ಕರೆತಂದರೆ, ಅವನು ಕಟಕಟೆ ಹತ್ತುವಷ್ಟರಲ್ಲಿ ಹೇಳಬೇಕಾದದ್ದನ್ನೆಲ್ಲ ಮರೆತಿರುತ್ತಾನೆ. ಹೆಣ್ಣುಮಕ್ಕಳೊಂದಿಗೆ ಮಹಿಳಾ ಸಿಬ್ಬಂದಿ, ಎಳೆಯರಿಗೆ ಬೇರೆಯೇ ವ್ಯವಸ್ಥೆ, ಇವುಗಳಲ್ಲಿ ಚರ್ಚೆಗೆ ಎಡೆಯಿಲ್ಲ.

ಅಪಾಯವನ್ನು ಅಳೆಯುವಾಗ ನಾವು ಸಾಮಾನ್ಯವಾಗಿ ಆರೋಪದ ಗಾತ್ರವನ್ನು ನೋಡುತ್ತೇವೆ. ನೋಡಬೇಕಾದದ್ದು ಮನುಷ್ಯನ ಇತ್ತೀಚಿನ ನಡವಳಿಕೆ ಮತ್ತು ಅವನಿಗೆ ಹೊರಗಿನಿಂದ ಇರುವ ಬಲ. 2024ರ ಮೇ 14ರಂದು ಫ್ರಾನ್ಸಿನ ರೂಆನ್ ನಗರದ ನ್ಯಾಯಾಲಯದಿಂದ ಎವ್ರೂ ಕಾರಾಗೃಹಕ್ಕೆ ಮರಳುತ್ತಿದ್ದ ವಾಹನವನ್ನು ಇನ್‌ಕಾರ್ವಿಲ್ ಟೋಲ್‌ಗೇಟಿನಲ್ಲಿ ಶಸ್ತ್ರಸಜ್ಜಿತ ಗುಂಪೊಂದು ಎದುರಿನಿಂದ ಗುದ್ದಿ ನಿಲ್ಲಿಸಿತು. ಬೆಂಗಾವಲಿಗಿದ್ದ ಇಬ್ಬರು ಅಧಿಕಾರಿಗಳನ್ನು ಕೊಂದು, ಮೂವರನ್ನು ಗಾಯಗೊಳಿಸಿ, ಬಂದಿಯನ್ನು ಬಿಡಿಸಿಕೊಂಡು ಹೋಯಿತು. ಆ ಬಂದಿ ಕೆಲವೇ ದಿನಗಳ ಹಿಂದೆ ತನ್ನ ಕೋಣೆಯ ಸರಳುಗಳನ್ನು ಗರಗಸದಿಂದ ಕೊಯ್ಯಲು ಯತ್ನಿಸಿದ್ದ. 2025ರ ಫೆಬ್ರುವರಿಯಲ್ಲಿ ಅವನು ರುಮೇನಿಯಾದಲ್ಲಿ ಸಿಕ್ಕಿಬಿದ್ದನಾದರೂ ಸತ್ತ ಇಬ್ಬರು ಮರಳಲಿಲ್ಲ. ಈ ಘಟನೆಯಲ್ಲಿ ನನ್ನನ್ನು ಕಾಡುವುದು ಎರಡು ಅಂಶಗಳು. ಮೊದಲನೆಯದು, ದಾಳಿ ನಡೆದದ್ದು ಹಿಂದಿರುಗುವ ದಾರಿಯಲ್ಲಿ. ಹೋಗುವಾಗ ಎಲ್ಲರೂ ಎಚ್ಚರವಾಗಿರುತ್ತಾರೆ, ಬರುವಾಗ ದಿನದ ಕೆಲಸ ಮುಗಿಯಿತೆಂಬ ನಿರಾಳ ಮೈಗೆ ಹತ್ತಿರುತ್ತದೆ. ಎರಡನೆಯದು, ಟೋಲ್‌ಗೇಟಿನಂಥ ಜಾಗದಲ್ಲಿ ಯಾವ ವಾಹನವಾದರೂ ನಿಲ್ಲಲೇಬೇಕು, ಮತ್ತು ವಿಚಾರಣೆಯ ದಿನಾಂಕ ಗೊತ್ತಿದ್ದವರಿಗೆ ಅದು ಯಾವ ಹೊತ್ತಿಗೆ ಅಲ್ಲಿ ನಿಲ್ಲುತ್ತದೆಂಬುದೂ ಹೆಚ್ಚುಕಡಿಮೆ ಗೊತ್ತಿರುತ್ತದೆ.

ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಬಂದಿಯ ಜೊತೆಗೇ ಪ್ರಯಾಣಿಸುವ ಬೆಂಗಾವಲು ದಾಖಲೆಯೊಂದಿದೆ. ಹೊರಡುವ ಕಡೆ ಅದನ್ನು ತೆರೆಯುತ್ತಾರೆ, ಕೈ ಬದಲಾದಲ್ಲೆಲ್ಲ ಸಹಿ ಬೀಳುತ್ತದೆ, ದಾರಿಯಲ್ಲಿ ನಡೆದದ್ದೆಲ್ಲ ಅದರಲ್ಲಿ ಸೇರುತ್ತದೆ. ಹೆಸರು ಏನೇ ಇರಲಿ, ಇಂಥದೊಂದು ಕಾಗದ ಎಲ್ಲ ಕಡೆಯೂ ಇರಬೇಕು. ಆದರೆ ಅದರಲ್ಲಿ ಏನು ಬರೆಯುತ್ತೇವೆ ಎಂಬುದರ ಮೇಲೆ ಅದರ ಬೆಲೆ ನಿಂತಿದೆ. ‘ಅಪಾಯಕಾರಿ, ಎಚ್ಚರದಿಂದಿರಿ’ ಎಂದು ಬರೆದು ಕೆಳಗೆ ಸಹಿ ಹಾಕಿದರೆ ಓದಿದವರಿಗೆ ತಿಳಿಯುವುದೇನೂ ಇಲ್ಲ. ‘ಮೂರು ದಿನದ ಹಿಂದೆ ಹೊದಿಕೆ ಹರಿದು ಕುಣಿಕೆ ಮಾಡಿಕೊಂಡಿದ್ದ, ಹೆಂಡತಿಯ ಹೆಸರು ಎತ್ತಿದರೆ ಉದ್ರೇಕಗೊಳ್ಳುತ್ತಾನೆ, ಮಧ್ಯಾಹ್ನ ಒಂದು ಗಂಟೆಗೆ ಮೂರ್ಛೆರೋಗದ ಮಾತ್ರೆ ಕೊಡಬೇಕು, ಮಾತ್ರೆ ಪೊಟ್ಟಣದಲ್ಲಿದೆ’ ಎಂದು ಬರೆದರೆ ಲಾಕಪ್ಪಿನಲ್ಲಿರುವ, ಅವನನ್ನು ಮೊದಲ ಸಲ ನೋಡುತ್ತಿರುವ ಸಿಬ್ಬಂದಿ ಏನು ಮಾಡಬೇಕೆಂದು ತಕ್ಷಣ ಅರಿಯುತ್ತಾರೆ. ವಿಶೇಷಣ ಬರೆಯಬೇಡಿ, ನಡೆದದ್ದನ್ನು ಬರೆಯಿರಿ.

ಗೊತ್ತಿದ್ದ ಮಾಹಿತಿ ತಲುಪಬೇಕಾದ ಕೈಯನ್ನು ತಲುಪದಿದ್ದರೆ ಏನಾಗುತ್ತದೆಂಬುದಕ್ಕೆ 2005ರ ಮಾರ್ಚ್ 11ರಂದು ಅಮೆರಿಕದ ಅಟ್ಲಾಂಟಾ ನಗರದ ಫುಲ್ಟನ್ ಕೌಂಟಿ ನ್ಯಾಯಾಲಯದಲ್ಲಿ ನಡೆದದ್ದು ಸಾಕ್ಷಿ. ಬಲಿಷ್ಠ ಮೈಕಟ್ಟಿನ ಆರೋಪಿಯೊಬ್ಬನನ್ನು ಒಬ್ಬಳೇ ಮಹಿಳಾ ಅಧಿಕಾರಿ ಕರೆತಂದಿದ್ದರು. ಜೈಲಿನ ಉಡುಪಿನಲ್ಲಿ ಆರೋಪಿಯನ್ನು ಜ್ಯೂರಿಯ ಮುಂದೆ ನಿಲ್ಲಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1976ರಲ್ಲಿಯೇ ಹೇಳಿರುವುದರಿಂದ, ಅವನು ಬಟ್ಟೆ ಬದಲಾಯಿಸಿಕೊಳ್ಳಬೇಕಾಗಿತ್ತು. ಬದಲಾಯಿಸಲು ಕೋಳ ಬಿಚ್ಚಬೇಕಾಗಿತ್ತು. ಬಿಚ್ಚುತ್ತಿದ್ದಂತೆ ಅವನು ಆಕೆಯ ಮೇಲೆ ಎರಗಿದ. ನಿಯಮದಂತೆ ಆಕೆಯ ಪಿಸ್ತೂಲು ಬೀಗ ಹಾಕಿದ ಪೆಟ್ಟಿಗೆಯಲ್ಲಿತ್ತು. ಪೆಟ್ಟಿಗೆಯ ಕೀಲಿಕೈ ಆಕೆಯ ಬಳಿಯೇ ಇತ್ತು. ಅವನು ಕೀಲಿ ತೆಗೆದುಕೊಂಡು, ಪಿಸ್ತೂಲು ಹೊರತೆಗೆದು, ನ್ಯಾಯಾಧೀಶರನ್ನೂ ಕಲಾಪದ ಬರಹಗಾರ್ತಿಯನ್ನೂ ಕೊಂದ. ಹೊರಗೆ ಓಡುವಾಗ ಇನ್ನೊಬ್ಬ ಅಧಿಕಾರಿಯನ್ನೂ, ಆಮೇಲೆ ನಾಲ್ಕನೆಯವರೊಬ್ಬರನ್ನೂ ಕೊಂದ. ಅದಕ್ಕೆ ಕೆಲವೇ ದಿನ ಮುಂಚೆ ಅವನ ಬೂಟಿನೊಳಗೆ ಚೂಪು ಮಾಡಿದ ಲೋಹದ ತುಂಡುಗಳು ಸಿಕ್ಕಿದ್ದವು, ಹೆಚ್ಚಿನ ಭದ್ರತೆ ಬೇಕೆಂಬ ಮಾತೂ ಬಂದಿತ್ತು. ಹಲ್ಲೆಯ ದೃಶ್ಯ ಕ್ಯಾಮೆರಾದಲ್ಲಿ ಮೂಡಿತ್ತು, ಪರದೆಯನ್ನು ನೋಡಬೇಕಾದವರು ನೋಡುತ್ತಿರಲಿಲ್ಲ.

ಇಲ್ಲಿ ಏನೇನಿತ್ತು ನೋಡಿ. ಪೆಟ್ಟಿಗೆ ಇತ್ತು, ಬೀಗ ಇತ್ತು, ಕ್ಯಾಮೆರಾ ಇತ್ತು, ಮುನ್ಸೂಚನೆಯೂ ಇತ್ತು. ಇವೆಲ್ಲ ಇದ್ದೂ ಆ ಕೋಣೆಯಲ್ಲಿ ಕೋಳ ಬಿಚ್ಚುವ ಹೊತ್ತಿಗೆ ಎರಡನೆಯ ವ್ಯಕ್ತಿಯೊಬ್ಬರು ಇರಲಿಲ್ಲ. ಸಾಮಾನ್ಯ ಉಡುಪಿನ ಹಕ್ಕನ್ನು ಕೊಟ್ಟದ್ದೇ ತಪ್ಪು ಎಂದು ಕೆಲವರು ವಾದಿಸುವುದನ್ನು ಕೇಳಿದ್ದೇನೆ, ನಾನು ಒಪ್ಪುವುದಿಲ್ಲ. ಹಕ್ಕು ಕೊಟ್ಟಾಗ ಅದಕ್ಕೆ ಬೇಕಾದ ಕೈಗಳನ್ನೂ ಕೊಡಬೇಕು. ಕೋಳ ಬಿಚ್ಚುವಾಗ, ತೊಡಿಸುವಾಗ ಇಬ್ಬರಿರಬೇಕು; ಮುಟ್ಟುವವರ ಮೈಮೇಲೆ ಆಯುಧವೂ ಅದರ ಕೀಲಿಯೂ ಇರಬಾರದು; ಆಯುಧ ಇರುವವರು ಮುಟ್ಟುವಷ್ಟು ಹತ್ತಿರ ಬರಬಾರದು.

ಕೋಳದ ಮಾತು ಬಂದದ್ದರಿಂದ ಅದನ್ನು ಸ್ವಲ್ಪ ಹತ್ತಿರದಿಂದಲೇ ನೋಡೋಣ. ಸಾಮಾನ್ಯ ಕೈಕೋಳದ ಹಲ್ಲಿನ ಪಟ್ಟಿ ಒಳಕ್ಕೆ ಸರಿಯುತ್ತದೆಯೇ ಹೊರತು ಹಿಂದಕ್ಕೆ ಬರುವುದಿಲ್ಲ. ತೊಡಿಸಿದವನು ಅಷ್ಟಕ್ಕೇ ಬಿಟ್ಟರೆ, ವಾಹನ ಕುಲುಕಿದಂತೆಲ್ಲ, ಬಂದಿ ಮಣಿಕಟ್ಟು ಒರಗಿಸಿದಂತೆಲ್ಲ ಅದು ಒಂದೊಂದೇ ಹಲ್ಲು ಬಿಗಿಯುತ್ತ ಹೋಗುತ್ತದೆ. ಎರಡು ಗಂಟೆಯ ದಾರಿ ಮುಗಿಯುವಷ್ಟರಲ್ಲಿ ಹೆಬ್ಬೆರಳಿನ ಬುಡ ಜೋಮು ಹಿಡಿದು, ನರಕ್ಕೆ ಪೆಟ್ಟಾಗಿರಬಹುದು. ಅದಕ್ಕಾಗಿಯೇ ಕೋಳದಲ್ಲಿ ಎರಡನೆಯ ಬೀಗವಿದೆ. ತೊಡಿಸಿದ ಮೇಲೆ ಮಣಿಕಟ್ಟಿಗೂ ಲೋಹಕ್ಕೂ ನಡುವೆ ಬೆರಳ ತುದಿ ಹೋಗುತ್ತದೆಯೇ ಎಂದು ನೋಡಿ, ಆಮೇಲೆ ಕೀಲಿಯಿಂದ ಆ ಎರಡನೆಯ ಬೀಗ ಹಾಕಿದರೆ ಪಟ್ಟಿ ಅಲ್ಲಿಗೇ ನಿಲ್ಲುತ್ತದೆ, ಒಳಕ್ಕೂ ಸರಿಯದು, ಹೊರಕ್ಕೂ ಸರಿಯದು. ಹಾಗೆ ಮಾಡಿದರೆ ತೆಳ್ಳನೆಯ ತಗಡು ತೂರಿಸಿ ಕೋಳ ಬಿಚ್ಚಿಕೊಳ್ಳುವುದೂ ಕಷ್ಟವಾಗುತ್ತದೆ. ಕೆಲವೇ ಸೆಕೆಂಡುಗಳ ಈ ಕೆಲಸದಲ್ಲಿ ಭದ್ರತೆ ಮತ್ತು ಸುರಕ್ಷತೆ ಒಂದೇ ಬೀಗದಲ್ಲಿ ಸೇರಿವೆ.

ಇನ್ನು ಕೋಳ ತೊಡಿಸಬೇಕೇ ಬೇಡವೇ ಎಂಬ ಪ್ರಶ್ನೆ. ತಿಹಾರ್ ಕಾರಾಗೃಹದ ವಿಚಾರಣಾಧೀನ ಬಂದಿಯೊಬ್ಬ, ತನಗೂ ಇತರರಿಗೂ ಬಲವಂತವಾಗಿ ಕೋಳ ತೊಡಿಸುತ್ತಿದ್ದಾರೆಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರಿಗೆ ಒಂದು ತಂತಿ ಸಂದೇಶ ಕಳುಹಿಸಿದ. ಅದನ್ನೇ ಅರ್ಜಿಯೆಂದು ಪರಿಗಣಿಸಿ 1980ರಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯ ನೀಡಿದ ಪ್ರೇಮ್ ಶಂಕರ್ ಶುಕ್ಲಾ ತೀರ್ಪು, ಬೇರೆ ಯಾವ ದಾರಿಯೂ ಇಲ್ಲದಾಗ ಮಾತ್ರ ಕೋಳ, ಅದಕ್ಕೆ ಕಾರಣವನ್ನು ಆಗಲೇ ಬರೆದಿಡಬೇಕು, ಬರೆದದ್ದನ್ನು ನ್ಯಾಯಾಧೀಶರಿಗೆ ತೋರಿಸಬೇಕು ಎಂದಿತು. ಉತ್ತಮ ದರ್ಜೆಯ ಬಂದಿಗಳಿಗೆ ವಿನಾಯಿತಿ, ಸಾಮಾನ್ಯರಿಗೆ ಕೋಳ ಎಂಬ ಭೇದವನ್ನೂ ತಳ್ಳಿಹಾಕಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೆಯ ಕಲಂ, ಪದೇ ಪದೇ ಅಪರಾಧ ಮಾಡಿದವರು, ಅಭಿರಕ್ಷೆಯಿಂದ ತಪ್ಪಿಸಿಕೊಂಡವರು, ಕೊಲೆ, ಅತ್ಯಾಚಾರ, ಭಯೋತ್ಪಾದನೆಯಂಥ ಆರೋಪ ಹೊತ್ತವರು ಮುಂತಾದವರನ್ನು ನ್ಯಾಯಾಲಯಕ್ಕೆ ಹಾಜರುಪಡಿಸುವಾಗ ಪೊಲೀಸ್ ಅಧಿಕಾರಿ ಕೋಳ ಬಳಸಬಹುದೆಂದು ಹೇಳುತ್ತದೆ. ಬಳಸಬಹುದು ಎಂಬುದನ್ನು ಬಳಸಲೇಬೇಕು ಎಂದು ಓದಿಕೊಳ್ಳುವ ಅಪಾಯವಿದೆ. ಕೊಲೆಯ ಆರೋಪ ಹೊತ್ತ ಎಪ್ಪತ್ತರ ಮುದುಕನೊಬ್ಬ ಓಡಿಹೋಗಲಾರ. ಸಣ್ಣ ಕಳವಿನ ಆರೋಪ ಹೊತ್ತ ಯುವಕ ಎರಡು ಸಲ ಓಡಿಹೋಗಿ ಸಿಕ್ಕಿಬಿದ್ದವನಾಗಿರಬಹುದು. ಆರೋಪದ ಕಲಂ ನೋಡಿ ಕೋಳ ತೊಡಿಸುವುದು ಸುಲಭ, ಮನುಷ್ಯನನ್ನು ನೋಡಿ ತೀರ್ಮಾನಿಸುವುದೇ ಸರಿಯಾದ ಕೆಲಸ.

ವಿಶ್ವಸಂಸ್ಥೆಯ ಮಹಾಸಭೆ 2015ರ ಡಿಸೆಂಬರಿನಲ್ಲಿ ಅಂಗೀಕರಿಸಿದ, ಬಂದಿಗಳನ್ನು ನಡೆಸಿಕೊಳ್ಳುವ ರೀತಿಯ ಕುರಿತಾದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 47ನೆಯದು, ಪ್ರಯಾಣದಲ್ಲಿ ತಪ್ಪಿಸಿಕೊಳ್ಳದಂತೆ ಕೋಳ ಬಳಸಿದ್ದರೂ ನ್ಯಾಯಾಧೀಶರ ಮುಂದೆ ನಿಲ್ಲುವಾಗ ಅದನ್ನು ತೆಗೆಯಬೇಕೆನ್ನುತ್ತದೆ. ಅದಕ್ಕೆ ಸಕಾರಣವಿದೆ. ಸರಪಳಿಯಲ್ಲಿ ನಿಂತವನನ್ನು ನೋಡಿದ ಕಣ್ಣು ಸಾಕ್ಷ್ಯ ಕೇಳುವ ಮೊದಲೇ ಅರ್ಧ ತೀರ್ಪು ಕೊಟ್ಟುಬಿಡುತ್ತದೆ.

ವಾಹನದ ವಿಷಯಕ್ಕೆ ಬರುತ್ತೇನೆ. 2008ರ ಜನವರಿ 27ರಂದು ಪಶ್ಚಿಮ ಆಸ್ಟ್ರೇಲಿಯಾದಲ್ಲಿ, ಕುಡಿದು ವಾಹನ ಚಲಾಯಿಸಿದ ಆರೋಪದ ಮೇಲೆ ಬಂಧಿತರಾಗಿದ್ದ ಮೂಲನಿವಾಸಿ ಹಿರಿಯರೊಬ್ಬರನ್ನು ಲ್ಯಾವರ್ಟನ್ನಿನಿಂದ ಕಲ್ಗೂರ್ಲಿಗೆ, ಸುಮಾರು 360 ಕಿಲೋಮೀಟರ್ ದೂರ, ನ್ಯಾಯಾಲಯಕ್ಕೆ ಹಾಜರುಪಡಿಸಲು ಕರೆದೊಯ್ಯಲಾಯಿತು. ಹೊರಗೆ 40 ಡಿಗ್ರಿ ದಾಟಿದ ಬಿಸಿಲು. ಮುಂದೆ ಕುಳಿತ ಇಬ್ಬರು ಸಿಬ್ಬಂದಿಗೆ ಹವಾನಿಯಂತ್ರಣವಿತ್ತು. ಹಿಂದಿನ ಲೋಹದ ಗೂಡಿನಲ್ಲಿ ಅದು ಕೆಲಸ ಮಾಡುತ್ತಿರಲಿಲ್ಲ. ಆ ಹಿರಿಯರ ಬಳಿ ಇದ್ದದ್ದು 600 ಮಿಲಿಲೀಟರಿನ ಒಂದು ಬಾಟಲಿ ನೀರು. ಸುಮಾರು ನಾಲ್ಕು ಗಂಟೆಯ ದಾರಿಯಲ್ಲಿ, ಅವರು ಕುಸಿದು ಬೀಳುವವರೆಗೂ, ವಾಹನ ನಿಲ್ಲಿಸಿ ಹಿಂದಿನ ಬಾಗಿಲು ತೆಗೆದು ಯಾರೂ ವಿಚಾರಿಸಲಿಲ್ಲ. ಅವರು ಬಿಸಿಲಾಘಾತದಿಂದ ಸತ್ತರು. ಬಿಸಿ ಲೋಹಕ್ಕೆ ತಗುಲಿ ಹೊಟ್ಟೆಯ ಚರ್ಮ ಸುಟ್ಟಿತ್ತು. ಭದ್ರತೆಯ ಕಣ್ಣಿನಿಂದ ನೋಡಿದರೆ ಆ ಪ್ರಯಾಣದಲ್ಲಿ ಒಂದೂ ಲೋಪವಿಲ್ಲ: ಬಾಗಿಲು ಭದ್ರವಾಗಿತ್ತು, ಬಂದಿ ತಪ್ಪಿಸಿಕೊಳ್ಳಲಿಲ್ಲ, ವಾಹನ ಊರು ಮುಟ್ಟಿತು. ಈ ಒಂದು ಘಟನೆಯನ್ನು ಪ್ರತಿ ತರಬೇತಿಯಲ್ಲೂ ಹೇಳಲೇಬೇಕೆಂದು ನಾನು ಒತ್ತಾಯಿಸುತ್ತೇನೆ.

ಮಂಡೇಲಾ ನಿಯಮಗಳಲ್ಲಿ 73ನೆಯದು ಗಾಳಿ ಬೆಳಕಿಲ್ಲದ ವಾಹನವನ್ನು ನಿಷೇಧಿಸುತ್ತದೆ, ಬಂದಿಗಳನ್ನು ಜನರ ಕುತೂಹಲಕ್ಕೂ ನಿಂದೆಗೂ ಈಡುಮಾಡಬಾರದೆನ್ನುತ್ತದೆ. ಹೊರಡುವ ಮೊದಲು ಸಿಬ್ಬಂದಿಯಲ್ಲೊಬ್ಬರು ಹಿಂದಿನ ಭಾಗದಲ್ಲಿ ಬಾಗಿಲು ಹಾಕಿಕೊಂಡು ಕೆಲ ನಿಮಿಷ ಕುಳಿತು ನೋಡಲಿ. ಅದಕ್ಕಿಂತ ಒಳ್ಳೆಯ ಪರೀಕ್ಷೆ ನನಗೆ ಗೊತ್ತಿಲ್ಲ. ಕೋಳ ತೊಟ್ಟವನಿಗೆ ಬೀಳುವಾಗ ಕೈ ಊರಲು ಆಗದೆಂಬುದನ್ನೂ ನೆನಪಿಡಬೇಕು. 2015ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಕೈಕಾಲು ಬಂಧಿಸಿ, ಸೀಟ್ ಬೆಲ್ಟ್ ಹಾಕದೆ ಪೊಲೀಸ್ ವ್ಯಾನಿನಲ್ಲಿ ಒಯ್ದ ಯುವಕನೊಬ್ಬ ಬೆನ್ನುಹುರಿಯ ಗಾಯದಿಂದ ಒಂದು ವಾರದಲ್ಲಿ ತೀರಿಕೊಂಡ.

ನ್ಯಾಯಾಲಯದ ಆವರಣ ಕಾರಾಗೃಹದಂಥದ್ದಲ್ಲ. ಅದು ತೆರೆದಿರಬೇಕಾದ ಜಾಗ. ಯಾರು ಬೇಕಾದರೂ ಬಂದು ಕಲಾಪ ನೋಡಬಹುದೆಂಬುದೇ ಅದರ ಘನತೆ, ಬೆಂಗಾವಲಿನವರಿಗೆ ಅದೇ ತಲೆನೋವು. 2021ರ ಸೆಪ್ಟೆಂಬರ್ 24ರಂದು ದೆಹಲಿಯ ರೋಹಿಣಿ ನ್ಯಾಯಾಲಯದಲ್ಲಿ ವಕೀಲರ ಉಡುಪು ತೊಟ್ಟು ಬಂದ ಇಬ್ಬರು, ವಿಚಾರಣೆಗೆ ಹಾಜರಾಗಿದ್ದ ಬಂದಿಯೊಬ್ಬನನ್ನು ನ್ಯಾಯಾಧೀಶರ ಕೋಣೆಯೊಳಗೇ ಗುಂಡಿಕ್ಕಿ ಕೊಂದರು. ಪೊಲೀಸರ ಗುಂಡಿಗೆ ಆ ಇಬ್ಬರೂ ಅಲ್ಲೇ ಸತ್ತರು. 2023ರ ಜೂನ್ 7ರಂದು ಲಖನೌ ನ್ಯಾಯಾಲಯದಲ್ಲಿ ಮತ್ತೆ ವಕೀಲರ ಉಡುಪಿನಲ್ಲಿಯೇ ಬಂದವನೊಬ್ಬ ಇನ್ನೊಬ್ಬ ಬಂದಿಯನ್ನು ಕೊಂದ. ಅದೇ ವರ್ಷದ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯ, ನ್ಯಾಯಾಲಯಗಳಿಗೆ ಶಾಶ್ವತ ಭದ್ರತಾ ಘಟಕಗಳೂ ಭದ್ರತಾ ಯೋಜನೆಯೂ ಬೇಕೆಂದು ನಿರ್ದೇಶಿಸಿತು. ಕರಿ ಕೋಟನ್ನು ಗುರುತಿನ ಚೀಟಿಯೆಂದು ಭಾವಿಸಿದರೆ ಏನಾಗುತ್ತದೆಂಬುದನ್ನು ಈ ಎರಡು ಘಟನೆಗಳು ತೋರಿಸಿವೆ. ವಕೀಲರನ್ನು ತಪಾಸಣೆ ಮಾಡುವುದು ಅವಮಾನವೆಂದು ಭಾವಿಸುವ ವಕೀಲ ಮಿತ್ರರಿಗೆ ನನ್ನ ಕಳಕಳಿಯ ಮನವಿಯೆಂದರೆ, ಬಾಗಿಲಿನಲ್ಲಿ ಎಲ್ಲರಿಗೂ ಒಂದೇ ತಪಾಸಣೆ ಇದ್ದಾಗ ಅದು ಯಾರಿಗೂ ಅವಮಾನವಾಗುವುದಿಲ್ಲ, ಮತ್ತು ಗುಂಡು ಹಾರಿದಾಗ ಕಟಕಟೆಯ ಅತ್ಯಂತ ಸಮೀಪದಲ್ಲಿ ನಿಂತಿರುವವರು ನೀವೇ.

ಕಟ್ಟಡ ಹೊಸದಾಗಿ ಕಟ್ಟುವುದಾದರೆ ಬಂದಿಗಳಿಗೆ, ನ್ಯಾಯಾಧೀಶರಿಗೆ, ಸಾರ್ವಜನಿಕರಿಗೆ ಬೇರೆ ಬೇರೆ ದಾರಿಗಳನ್ನು ಇಡಬಹುದು. ಹಳೆಯ ಕಟ್ಟಡಗಳಲ್ಲಿ ಇರುವುದು ಒಂದೇ ಮೊಗಸಾಲೆ, ಅಲ್ಲಿ ಬಂದಿಯ ತಾಯಿಯೂ ನಿಂತಿರುತ್ತಾಳೆ, ಸತ್ತವನ ಅಣ್ಣನೂ ನಿಂತಿರುತ್ತಾನೆ. ಅಂಥಲ್ಲಿ ದಾರಿಯನ್ನು ಬೇರ್ಪಡಿಸಲಾಗದಿದ್ದರೂ ಹೊತ್ತನ್ನು ಬೇರ್ಪಡಿಸಬಹುದು. ಪ್ರಕರಣ ಕೂಗುವ ಹೊತ್ತನ್ನು ಪೀಠದ ಗುಮಾಸ್ತರಿಂದ ಮೊದಲೇ ತಿಳಿದುಕೊಂಡು, ಮೊಗಸಾಲೆ ತೆರವಾದ ಮೇಲೆ ಕರೆತಂದರೆ ಅರ್ಧ ಅಪಾಯ ಕಡಿಮೆಯಾಗುತ್ತದೆ. ತಾಯಿ ಒಂದು ನಿಮಿಷ ಮಾತಾಡಿಸಬೇಕೆಂದು ಬೇಡಿಕೊಂಡಾಗ ಗದರಿಸುವುದಕ್ಕಿಂತ, ಕಾರಾಗೃಹದಲ್ಲಿ ಭೇಟಿಗೆ ಯಾವ ದಿನ ಬರಬೇಕೆಂದು ಹೇಳಿ ಕಳುಹಿಸುವುದು ಹೆಚ್ಚು ಪರಿಣಾಮಕಾರಿ. ಮೊಗಸಾಲೆಯ ಗಲಾಟೆಗಳು ಹೆಚ್ಚಾಗಿ ಹುಟ್ಟುವುದು ಗದರಿಕೆಯಿಂದಲೇ.

ತೀರ್ಪು ಓದುವ ಗಳಿಗೆಯ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 2017ರ ನವೆಂಬರ್ 29ರಂದು ಹೇಗ್ ನಗರದಲ್ಲಿ, ಹಿಂದಿನ ಯುಗೊಸ್ಲಾವಿಯಾಕ್ಕೆ ಸಂಬಂಧಿಸಿದ ವಿಶ್ವಸಂಸ್ಥೆಯ ನ್ಯಾಯಮಂಡಳಿ ಸ್ಲೊಬೊಡಾನ್ ಪ್ರಾಲ್ಯಾಕ್ ಎಂಬ ಮಾಜಿ ಸೇನಾನಾಯಕನ 20 ವರ್ಷದ ಶಿಕ್ಷೆಯನ್ನು ಎತ್ತಿಹಿಡಿದ ಕೂಡಲೇ, ಆತ ನಿಂತಲ್ಲಿಯೇ ಸಣ್ಣದೊಂದು ಸೀಸೆಯಿಂದ ಸಯನೈಡ್ ಕುಡಿದ. ಕ್ಯಾಮೆರಾಗಳ ಎದುರಿಗೇ ಇದು ನಡೆಯಿತು, ಸ್ವಲ್ಪ ಹೊತ್ತಿನಲ್ಲಿ ಆಸ್ಪತ್ರೆಯಲ್ಲಿ ಸತ್ತ. ಅಷ್ಟು ಕಾವಲಿನ ನಡುವೆಯೂ ಹೀಗಾಯಿತೆಂದರೆ, ತಪಾಸಣೆಯ ಯಂತ್ರಗಳು ಲೋಹವನ್ನು ಹುಡುಕುತ್ತವೆಯೇ ವಿನಾ ನಿರ್ಧಾರವನ್ನಲ್ಲ. ಅನಿರೀಕ್ಷಿತವಾಗಿ ಶಿಕ್ಷೆಯಾದವನು, ಜಾಮೀನು ಸಿಕ್ಕೇ ಸಿಗುತ್ತದೆಂದು ನಂಬಿದ್ದವನು, ಮೊದಲ ಸಲ ಒಳಗೆ ಹೋಗುತ್ತಿರುವವನು, ಇವರನ್ನು ಲಾಕಪ್ಪಿನಲ್ಲಿ ಒಂಟಿಯಾಗಿ ಬಿಡಬಾರದು. ಆ ಹೊತ್ತಿನಲ್ಲಿ ಒಬ್ಬರು ಪಕ್ಕದಲ್ಲಿ ಕುಳಿತು ನೀರು ಕೊಟ್ಟು ಮಾತಾಡಿಸುವುದೂ ಬೆಂಗಾವಲಿನ ಕರ್ತವ್ಯವೇ.

ಇಷ್ಟೆಲ್ಲ ತಾಪತ್ರಯ ಏಕೆ, ವಿಡಿಯೊ ಮೂಲಕವೇ ಹಾಜರುಪಡಿಸಬಹುದಲ್ಲ ಎಂಬ ಪ್ರಶ್ನೆ ಸಹಜ. ಬಂಧನದ ಅವಧಿ ವಿಸ್ತರಣೆಯಂಥ ಚಿಕ್ಕ ಕಲಾಪಗಳಿಗೆ ಅದು ವರದಾನವೆಂದು ನಾನೂ ಒಪ್ಪುತ್ತೇನೆ. ಆದರೆ ಅಮೆರಿಕದ ಕುಕ್ ಕೌಂಟಿಯಲ್ಲಿ 1999ರಿಂದ ಜಾಮೀನಿನ ವಿಚಾರಣೆಯನ್ನು ಪರದೆಯ ಮೂಲಕ ನಡೆಸತೊಡಗಿದ ಮೇಲೆ, ಹಾಗೆ ನಡೆದ ಪ್ರಕರಣಗಳಲ್ಲಿ ಜಾಮೀನಿನ ಮೊತ್ತ ಸರಾಸರಿ 51 ಶೇಕಡಾ ಏರಿತ್ತೆಂದು ಅಧ್ಯಯನ ತೋರಿಸಿತು. ಅಲ್ಲಿನ ನ್ಯಾಯಾಲಯ ಆ ಪದ್ಧತಿಯನ್ನೇ ಕೈಬಿಟ್ಟಿತು. ಪರದೆಯಲ್ಲಿ ಅಂಗೈಯಗಲ ಕಾಣುವ ಮುಖಕ್ಕೂ ಎದುರಿಗೆ ನಿಂತ ಮನುಷ್ಯನಿಗೂ ವ್ಯತ್ಯಾಸವಿದೆ. ಮೈಮೇಲಿನ ಬಾಸುಂಡೆಯನ್ನು ನ್ಯಾಯಾಧೀಶರಿಗೆ ತೋರಿಸಬೇಕಾದವನ ಹಿಂದೆಯೇ, ಕ್ಯಾಮೆರಾದ ಚೌಕಟ್ಟಿನ ಆಚೆಗೆ, ಹೊಡೆದವರೇ ನಿಂತಿರಬಹುದು. ಆದ್ದರಿಂದ ಮೊದಲ ಹಾಜರಿಯನ್ನೂ ಸಾಕ್ಷ್ಯದ ದಿನವನ್ನೂ ತೀರ್ಪನ್ನೂ ಪರದೆಗೆ ಬಿಟ್ಟುಕೊಡಬಾರದೆಂಬುದು ನನ್ನ ನಿಲುವು.

ಕೊನೆಯದಾಗಿ, ಸಂಜೆಯ ಗೇಟು. ವಾಹನ ತಡವಾಗಿ ಬಂದಿರುತ್ತದೆ, ಊಟದ ಹೊತ್ತು ಮೀರಿರುತ್ತದೆ, ಎಲ್ಲರಿಗೂ ಮನೆ ಸೇರುವ ಅವಸರ. ಅಲ್ಲಿ ತಲೆ ಎಣಿಕೆ, ಮೈ ತಪಾಸಣೆ, ವಾರಂಟಿನ ಪರಿಶೀಲನೆ ಎಲ್ಲವೂ ನಡೆಯುತ್ತವೆ. ಇವುಗಳ ಜೊತೆಗೆ ಗೇಟಿನ ಅಧಿಕಾರಿ ಪ್ರತಿಯೊಬ್ಬನ ಮುಖ ನೋಡಿ ಕೇಳಬೇಕಾದ ಒಂದು ಮಾತಿದೆ: ‘ಇವತ್ತು ಕೋರ್ಟಿನಲ್ಲಿ ಏನಾಯಿತಪ್ಪ?’ ಜಾಮೀನು ಆಗಲಿಲ್ಲ, ವಕೀಲರು ಬರಲೇ ಇಲ್ಲ, ಅಣ್ಣ ನನ್ನ ವಿರುದ್ಧವೇ ಸಾಕ್ಷಿ ಹೇಳಿದ ಎಂಬ ಉತ್ತರ ಬರಬಹುದು. ಉತ್ತರವೇ ಬಾರದೆ ಅವನು ನೆಲ ನೋಡುತ್ತ ನಿಲ್ಲಲೂಬಹುದು. ಅದನ್ನು ಬೆಂಗಾವಲು ದಾಖಲೆಯ ಕೊನೆಯ ಅಂಕಣದಲ್ಲಿ ಹೊತ್ತು ಸಮೇತ ಬರೆದು, ರಾತ್ರಿ ಗಸ್ತಿನವರಿಗೆ ಅವನ ಹೆಸರನ್ನೂ ಕೋಣೆಯ ಸಂಖ್ಯೆಯನ್ನೂ ಹೇಳಿ, ಬ್ಯಾರಕ್ಕಿನವರ ಸಹಿ ಪಡೆದ ಮೇಲೆಯೇ ಆ ಕಾಗದ ಕಡತಕ್ಕೆ ಹೋಗಬೇಕು. ಮುಂದಿನ ವಾಯಿದೆಯ ಹಿಂದಿನ ದಿನ ಕಡತ ತೆರೆದಾಗ ಮೊದಲು ಕೈಗೆ ಸಿಗಬೇಕಾದದ್ದೂ ಅದೇ ಹಾಳೆ.